ಪಡುವಣ ಗಾಳಿ ಬರುವ ತನಕ

ಸೆಪ್ಟೆಂಬರ್ 3

ಇವತ್ತಿನಿಂದ ಅಪ್ಪನ ಜೊತೆ ಮಾತಿಲ್ಲ. ಬೈಯುವುದನ್ನು ಎಲ್ಲಾದರೂ ಬೈಯಬೇಕಲ್ಲ, ಅದಕ್ಕೆ ಈ ಪುಸ್ತಕ. ಏಳನೇ ಕ್ಲಾಸಿನ ಗಣಿತದ್ದು. ಅರ್ಧ ಖಾಲಿ ಇದೆ, ಯಾಕೆಂದರೆ ಅರ್ಧ ವರ್ಷಕ್ಕೇ ನಾನು ಮೇಷ್ಟ್ರ ಮೇಲೆ ಡಸ್ಟರ್ ಎಸೆದು ಎದ್ದು ಬಂದೆ. ಮೊದಲು ಎಸೆದಿದ್ದು ಅವನು. ನಾನು ವಾಪಸ್ ಕೊಟ್ಟೆ ಅಷ್ಟೆ.

ನಮ್ಮ ಮನೆಯ ಹಿಂದೆ ನೆಲ ಹೊಗೆಯಾಡುತ್ತಿದೆ. ಮೇಲೆ ಎಲ್ಲೂ ಬೆಂಕಿ ಕಾಣುವುದಿಲ್ಲ. ಬಿರುಕಿನಿಂದ ಹೊಗೆ ಬರುತ್ತದೆ, ಯಾರೋ ಕೆಳಗೆ ಕೂತು ಬೀಡಿ ಸೇದುತ್ತಿದ್ದಾರೇನೋ ಅನ್ನುವ ಹಾಗೆ.

ಬೆಂಕಿ ಇಟ್ಟವನು ಅಪ್ಪ. ಆಗಸ್ಟಿನಲ್ಲಿ. ಪ್ರತಿ ವರ್ಷ ಇಡುತ್ತಾನೆ, ಊರೆಲ್ಲ ಇಡುತ್ತದೆ. ಜವುಗಿನ ನೀರು ಇಳಿದಾಗ ಮೀನೆಲ್ಲ ನಾವು ತೋಡಿದ ಹೊಂಡಕ್ಕೆ ಬಂದು ಸೇರುತ್ತವೆ. ಸುತ್ತಲಿನ ಹುಲ್ಲು ಆಳೆತ್ತರ. ಅದನ್ನು ಸುಟ್ಟು ದಾರಿ ಮಾಡಿಕೊಂಡು ಹೋಗಿ ಬುಟ್ಟಿಗೆ ಬಾಚಿಕೊಂಡು ಬರುವುದು. ಅಪ್ಪ ಸಿಳ್ಳೆ ಹಾಕಿ ಗಾಳಿಯನ್ನು ಕರೆದ, ಅವನ ಅಪ್ಪ ಕರೆಯುತ್ತಿದ್ದ ಹಾಗೆ. ಗಾಳಿ ಬಂತು. ಮಧ್ಯಾಹ್ನದೊಳಗೆ ಹುಲ್ಲು ಬೂದಿ. ವಾರವೆಲ್ಲ ಕೊರವ ಮೀನು ತಿಂದೆವು. ನಾನೂ ತಿಂದೆ, ಇಲ್ಲ ಅನ್ನುವುದಿಲ್ಲ.

"ಮಧ್ಯೆ ಒಂದೆರಡು ಮಳೆ ಬಿದ್ದೇ ಬೀಳ್ತದೆ, ಮಿಕ್ಕಿದ್ದು ಆರ್ತದೆ. ಆಮೇಲೆ ಮಳೆ ಹೊತ್ಕೊಂಡು ಪಡುವಣ ಗಾಳಿ ಹೆಂಗೂ ಬರ್ತದಲ್ಲ" ಅಂದಿದ್ದ.

ಒಂದು ಹನಿ ಬೀಳಲಿಲ್ಲ. ನಮ್ಮದು ಮಣ್ಣೂ ಅಲ್ಲ. ಯಾವ ಕಾಲದ್ದೋ ಕೊಳೆತ ಎಲೆ, ಬೇರು, ಮರ, ಎಲ್ಲ ಒಂದರ ಮೇಲೊಂದು ಕೂತು ಆದ ಕರಿನೆಲ. ನೀರು ಕುಡಿದಿದ್ದರೆ ಸುಮ್ಮನಿರುತ್ತದೆ. ನಾನು ಹುಟ್ಟುವ ಮೊದಲು ಭತ್ತ ಬೆಳೆಯುತ್ತೇವೆ ಅಂತ ಬಂದವರು ಉದ್ದಕ್ಕೂ ಕಾಲುವೆ ತೋಡಿ ಅದರ ನೀರನ್ನೆಲ್ಲ ಹೊಳೆಗೆ ಬಿಟ್ಟರು. ಭತ್ತ ಬರಲಿಲ್ಲ. ಅವರು ಹೋದರು. ಈಗ ಅದು ನೆಲವಲ್ಲ, ಸೌದೆ. ಸೌದೆಯ ಮೇಲೆ ಮನೆ ಕಟ್ಟಿಕೊಂಡಿದ್ದೇವೆ.

ಅಕ್ಕ ನೊರ್ಮಿಯ ಮಗು ಕೆಮ್ಮುತ್ತಿದೆ. ತಿಂಗಾಂಗ್ ಅಂತ ಹೆಸರು. ಇನ್ನೂ ಕೂರಲು ಬಾರದ ಮಗು ಮುದುಕನ ಹಾಗೆ ಕೆಮ್ಮುತ್ತದೆ.


ಸೆಪ್ಟೆಂಬರ್ 8

ನೊರ್ಮಿಗೆ ಹೇಳಿದೆ, ಊರು ಬಿಡೋಣ.

"ಎಲ್ಲಿಗೆ?"

"ಎಲ್ಲಿಗಾದ್ರೂ. ಹೊಗೆ ಇಲ್ಲದ ಕಡೆ."

"ಅವ್ರು ಮೇಲಿಂದ ಬಂದ್ರೆ ಖಾಲಿ ಮನೆ ನೋಡ್ಬೇಕಾ?"

ಅವ್ರು ಅಂದರೆ ಭಾವ. ಹೊಳೆಯ ಮೇಲ್ಗಡೆ ಚಿನ್ನ ಜಾಲಿಸುವ ತೆಪ್ಪದಲ್ಲಿ ಕೂಲಿ. ಅಲ್ಲಿ ಫೋನು ಹತ್ತುವುದಿಲ್ಲ. ಬರುವುದಿದ್ದರೆ ಎಂದೋ ಬರುತ್ತಿದ್ದ.

"ಅಪ್ಪಂಗೆ ಹೇಳು" ಅಂದಳು.

"ನೀನೇ ಹೇಳು. ನಾನು ಮಾತಾಡಲ್ಲ."

"ಒಂದೇ ಮನೇಲಿ ಇದ್ಕೊಂಡು ಇದೇನೇ ನಿಂದು? ಅನ್ನ ಬಡಿಸ್ತೀಯ, ಮಾತಾಡಲ್ಲ."

ಬಡಿಸುವುದು ಅಮ್ಮ ಸತ್ತಾಗಿನಿಂದ ನನ್ನ ಕೆಲಸ, ಬಡಿಸುತ್ತೇನೆ. ಮಾತಾಡುವುದು ನನ್ನ ಇಷ್ಟ.

ಈ ಊರು ನನಗೆ ಬೇಡ. ಮಳೆ ಬಂದ ಮಾರನೇ ದಿನ ನಾನು ಹೋಗುತ್ತೇನೆ. ದೂರದ ಬಂಜರ್ಮಾಸಿನ್ ಪಟ್ಟಣದಲ್ಲಿ ಅಂಗಡಿ ಕೆಲಸ ಸಿಗುತ್ತದೆ. ನೆಲ ಸುಮ್ಮನೆ ನೆಲವಾಗಿರುವ ಊರಿನಲ್ಲಿ ಇರಬೇಕು.


ಸೆಪ್ಟೆಂಬರ್ 15

ನಗರದಿಂದ ಬೆಂಕಿ ಆರಿಸುವ ಹುಡುಗರು ಇಬ್ಬರು ಬಂದಿದ್ದಾರೆ. ಸರ್ಕಾರದವರಲ್ಲ, ತಾವಾಗಿ ಬಂದವರು. ಒಂದು ಪಂಪು, ಉದ್ದನೆಯ ಪೈಪು, ಒಂದು ಡಬ್ಬ ಮಾಸ್ಕು. ಅವರಲ್ಲೊಬ್ಬ ಫಾಹ್ರುಲ್, ಕಡ್ಡಿಯಂಥವನು, ಕನ್ನಡಕ. ಮಾಸ್ಕು ಹಾಕಿದರೆ ಕನ್ನಡಕಕ್ಕೆ ಮಂಜು, ತೆಗೆದರೆ ಕೆಮ್ಮು. ದಿನವಿಡೀ ಅದೇ ಕಸರತ್ತು.

ದೋಣಿ ಕಟ್ಟುವ ದಕ್ಕೆಯ ಹತ್ತಿರ ಮಿನಾ ರುಂಬಿಯ ಅಂಗಡಿ ಇದೆ. ಮಿನಾ ಅಂದರೆ ಚಿಕ್ಕಮ್ಮ. ಅವಳು ಊರಿಗೆಲ್ಲ ಚಿಕ್ಕಮ್ಮ, ಊರಿಗೆಲ್ಲ ಬೈಯುತ್ತಾಳೆ. ಬಾಳೆಹಣ್ಣು ಕರಿಯುತ್ತಾ ಅವನನ್ನು ಕೇಳಿದಳು:

"ಏನಪ್ಪಾ ಓದಿದೋನೆ, ಮಳೆ ಎಲ್ಲಿ ಸತ್ತೋಯ್ತು?"

ಅವನು ಅವಳ ಬಾಣಲೆ ತೋರಿಸಿದ. "ಇದ್ರಲ್ಲಿ ಆವಿ ಎಲ್ಲಿ ಏಳ್ತದೆ ಮಿನಾ? ಕಾದ ಕಡೆ ಅಲ್ವಾ? ಸಮುದ್ರಾನೂ ಹಂಗೆ. ಪೂರ್ವದ ದೊಡ್ಡ ಸಮುದ್ರದಲ್ಲಿ ಗಾಳಿ ಬಿಸಿನೀರನ್ನ ನಮ್ಮ ಕಡೆ ದೂಡ್ತಾ ಇರ್ತದೆ. ಅದಕ್ಕೇ ಮೋಡ ಇಲ್ಲೇ ಏಳ್ತದೆ, ಇಲ್ಲೇ ಸುರೀತದೆ. ಈ ವರ್ಷ ಗಾಳಿ ಸೋತಿದೆ. ಬಿಸಿನೀರು ವಾಪಸ್ ಜಾರ್ಕೊಂಡು ಅಮೆರಿಕದ ಕಡೆ ಹೋಯ್ತು. ಮೋಡ ಅದರ ಹಿಂದೆ ಹೋದ್ವು."

"ಹೋಗ್ಲಿ. ನಮ್ಮ ಮೇಲೆ ಏನಿದೆ ಈಗ?" ಅಂದೆ ನಾನು.

"ಅಲ್ಲಿ ಎದ್ದ ಗಾಳಿ ಎಲ್ಲಾದ್ರೂ ಇಳೀಬೇಕಲ್ಲ, ನಮ್ಮ ತಲೆ ಮೇಲೆ ಇಳೀತಿದೆ. ಇಳಿಯೋ ಗಾಳಿಲಿ ಮೋಡ ಕಟ್ಟಲ್ಲ. ಹೊಗೇನೂ ಮೇಲೆ ಹೋಗೋಕೆ ಬಿಡಲ್ಲ, ಮುಚ್ಚಳ ಮುಚ್ಚಿದಂಗೆ."

"ನಾನು ಸಮುದ್ರಾನೇ ನೋಡಿಲ್ಲ. ಅಮೆರಿಕಾನೂ ನೋಡಿಲ್ಲ. ಅಲ್ಲೆಲ್ಲೋ ನೀರಿಗೆ ಜ್ವರ ಬಂದ್ರೆ ನಮ್ಮ ಮಗು ಯಾಕೋ ಕೆಮ್ಬೇಕು?"

"ನನ್ನ ಮೇಲೆ ಯಾಕೆ ಸಿಟ್ಟು? ನಾನೇನು ಜಾರಿಸಿದ್ನಾ?"

"ಯಾರ ಮೇಲಾದ್ರೂ ಇರ್ಬೇಕಲ್ಲ!"

ಮಿನಾ ರುಂಬಿ ಜಾಲರಿ ಸೌಟಿನಿಂದ ನನ್ನ ತಲೆಗೊಂದು ತಟ್ಟಿದಳು. "ಇವಳಿಗೆ ಉತ್ತರ ಕೊಡ್ಬೇಡ ಮಗಾ, ಮೇಷ್ಟ್ರಿಗೇ ಹೊಡ್ದೋಳು."

ನಕ್ಕರು. ನಾನು ನಗಲಿಲ್ಲ. ಅಪ್ಪ ಒಬ್ಬನ ಮೇಲೆ ಸಿಟ್ಟು ಮಾಡಿಕೊಂಡು ಆರಾಮವಾಗಿದ್ದೆ. ಈಗ ನೋಡಿದರೆ ಇದು ಎಲ್ಲಿಂದಲೋ ಶುರುವಾಗಿ ಇಡೀ ಆಕಾಶದಷ್ಟಿದೆ. ಯಾರ ಕಾಲರ್ ಹಿಡಿಯುವುದು?


ಸೆಪ್ಟೆಂಬರ್ 21

ಬೆಳಗ್ಗೆ ನೀರಿಗೆ ಹೋದಾಗ ಅಪ್ಪ ದಕ್ಕೆಯ ತುದಿಯಲ್ಲಿ ಕೂತಿದ್ದ. ಕೆನ್ನೆಗೆ ಹೊಳೆಯ ನೀರು ಸವರಿಕೊಂಡು ಮುಖವನ್ನು ಒಂದೊಂದೇ ದಿಕ್ಕಿಗೆ ತಿರುಗಿಸುತ್ತಿದ್ದ. ಗಾಳಿ ಯಾವ ಕಡೆಯದು ಅಂತ ನೋಡುವ ರೀತಿ ಅದು. ಚಿಕ್ಕವಳಿದ್ದಾಗ ನನಗೂ ಮಾಡಿಸುತ್ತಿದ್ದ. ಒಮ್ಮೆ ನೋಡಿ ಎದ್ದು ಬರುವವನು ಇವತ್ತು ಮತ್ತೆ ಮತ್ತೆ ಸವರಿಕೊಂಡ. ಮತ್ತೆ ಮತ್ತೆ ತಿರುಗಿದ.

ಮಿನಾ ರುಂಬಿ ಅಂಗಡಿಯಿಂದಲೇ ಕೂಗಿದಳು, "ನೊರ್ಮಿಯಪ್ಪಾ, ಕೂತ್ಕೊಂಡು ನೋಡ್ತೀಯಲ್ಲ, ಸಿಳ್ಳೆ ಹಾಕಿ ಕರಿ ಪಡುವಣ ಗಾಳೀನ! ಬೆಂಕಿ ಇಡೋಕೆ ಮಾತ್ರ ಬರ್ತದಾ ನಿನ್ನ ಸಿಳ್ಳೆ?"

ಅಪ್ಪನಿಗೆ ಸಿಟ್ಟು ಬರುತ್ತದೆ ಅಂದುಕೊಂಡೆ. ಬರಲಿಲ್ಲ.

"ಬೇಡ ರುಂಬಿ" ಅಂದ. "ಕರೆದ್ರೆ ಈಗ ಯಾವ ಗಾಳಿ ಬರ್ತದೋ ನಂಗೊತ್ತಿಲ್ಲ."

ಮಿನಾ ರುಂಬಿ ಕರಿದ ಬಾಳೆಹಣ್ಣು ಎರಡು ತಂದು ಅವನ ಪಕ್ಕ ಇಟ್ಟು ಹೋದಳು, ದುಡ್ಡು ಕೇಳದೆ.

ಅಪ್ಪ ಹೆದರಿದ್ದಾನೆ. ಇದನ್ನು ನೊರ್ಮಿಗೆ ಹೇಳುವುದಿಲ್ಲ. ಇಲ್ಲಿ ಬರೆದಿದ್ದೇ ಜಾಸ್ತಿ.


ಸೆಪ್ಟೆಂಬರ್ 28

ಎಲ್ಲ ಹಳದಿ. ಅನ್ನ ಹಳದಿ, ಕೈ ಹಳದಿ. ಮಧ್ಯಾಹ್ನ ಕೋಳಿಗಳು ಗೂಡಿಗೆ ಹೋಗಿ ಕೂತವು. ಆಚೆ ದಡ ಕಾಣುವುದಿಲ್ಲ, ದಕ್ಕೆಯ ಅರ್ಧವೂ ಕಾಣುವುದಿಲ್ಲ.

ಮಗು ಅಳುವುದು ಕಡಿಮೆ ಮಾಡಿದೆ. ನೊರ್ಮಿ "ಪಾಪ, ಸಮಾಧಾನ ಆಗಿದೆ" ಅಂದಳು. ನಾನು ಒಳಗೆ ಹೋಗಿ ಅದರ ಕಾಲು ಚಿವುಟಿದೆ. ಬಾಯಿ ತೆರೆಯಿತು. ಸದ್ದು ಬರಲಿಲ್ಲ.


ಅಕ್ಟೋಬರ್ 2

ಕೊಳವೆ ಬಾವಿ ಕೊರೆದೆವು. ಕರಿನೆಲದ ಕೆಳಗೆ ಆಳದಲ್ಲಿ ನೀರಿದೆ. ಅಲ್ಲಿಂದ ಪಂಪಿನಲ್ಲಿ ಎಳೆದು, ಈಟಿಯಂಥ ಕಬ್ಬಿಣದ ಕೊಳವೆಯನ್ನು ನೆಲಕ್ಕೆ ಚುಚ್ಚಿ ಒಳಗೇ ಬಿಡಬೇಕು. ಮೇಲೆ ಸುರಿದರೆ ಏನೂ ಆಗುವುದಿಲ್ಲ, ಕೆಳಗಿನದು ನಗುತ್ತಾ ಮುಂದೆ ಹೋಗುತ್ತದೆ. ನೆಲ ಗಂಜಿಯ ಹಾಗಾಗಿ, ಆವಿ ನಿಂತು, ಕೈ ಹಾಕಿದರೆ ಸುಡಬಾರದು. ಆಗ ಎರಡು ಹೆಜ್ಜೆ ಮುಂದೆ, ಮತ್ತೆ ಚುಚ್ಚು.

ಫಾಹ್ರುಲ್ ಹೇಳಿಕೊಟ್ಟ. ಸಂಜೆಗೆ ನಾನೇ ಅವನಿಗೆ ಬೈಯುತ್ತಿದ್ದೆ, "ಇನ್ನೂ ಬಿಸಿ ಇದೆ, ಎತ್ಬೇಡ್ವೋ ಕಡ್ಡಿ!"

ಅಪ್ಪ ಮುಂದೆ ಕೋಲಿನಲ್ಲಿ ನೆಲ ತಟ್ಟುತ್ತಾ ಹೋಗುತ್ತಾನೆ. ಸದ್ದು ಕೇಳಿದರೆ ಒಳಗೆ ಟೊಳ್ಳೋ ಗಟ್ಟಿಯೋ ಗೊತ್ತಾಗುತ್ತದೆ. ಅವನು ಕೋಲೆತ್ತಿದ ಕಡೆ ನಾನು ಚುಚ್ಚುತ್ತೇನೆ. ಇದಕ್ಕೆ ಮಾತು ಬೇಕಾಗಿಲ್ಲ.


ಅಕ್ಟೋಬರ್ 6

ಮರಗಳು ಬೀಳುತ್ತಿವೆ. ಗಾಳಿಯೇ ಇಲ್ಲ, ಬೀಳುತ್ತವೆ. ಬೇರು ಸುಟ್ಟಿರುತ್ತದೆ, ಮೇಲೆ ಎಲೆ ಹಸಿರಾಗೇ ಇರುತ್ತದೆ. ನಿಂತಿದ್ದ ಹಾಗೇ ಒಮ್ಮೆ ನಿಟ್ಟುಸಿರಿನಂಥ ಸದ್ದು, ಆಮೇಲೆ ಧಡ್. ಹೊಗೆಯಲ್ಲಿ ಯಾವ ಕಡೆ ಅಂತ ಗೊತ್ತಾಗುವುದಿಲ್ಲ. ಪ್ರತಿ ಸದ್ದಿಗೂ ನಾನು ತಲೆ ಹಿಡಿದುಕೊಂಡು ಕೂರುತ್ತೇನೆ. ಕೂತರೆ ಏನೂ ಪ್ರಯೋಜನವಿಲ್ಲ ಅಂತ ಗೊತ್ತು. ಆದರೂ ಕೂರುತ್ತೇನೆ.

ನಮ್ಮ ರಬ್ಬರ್ ಮರಗಳಲ್ಲಿ ಅರ್ಧ ಹೋದವು. ಅಮ್ಮ ನೆಟ್ಟ ಸಾಲು.

ಮಧ್ಯಾಹ್ನ ಅಪ್ಪನ ಕಾಲು ಇಳಿಯಿತು. ಕೋಲು ಗಟ್ಟಿ ಅಂತ ಹೇಳಿದ ಜಾಗವೇ ಕುಸಿದು ಬಲಗಾಲು ಮಂಡಿ ತನಕ ಒಳಗೆ ಹೋಯಿತು. ಒಳಗೆ ಕೆಂಡ. ಅವನು ಕೂಗಲೇ ಇಲ್ಲ, ಬಾಯಿ ಬಿಗಿದುಕೊಂಡು ನನ್ನ ಕಡೆ ನೋಡಿದ. ಕೂಗಿದ್ದು ನಾನು. ಕಂಕುಳಿಗೆ ಕೈ ಹಾಕಿ ಎಳೆದೆ. ಫಾಹ್ರುಲ್ ನೀರು ಬಿಟ್ಟ. ಮನೆಯ ತನಕ ಅಪ್ಪನನ್ನು ಬೆನ್ನ ಮೇಲೆ ಹೊತ್ತುಕೊಂಡು ಬಂದೆ, ದಾರಿಯುದ್ದಕ್ಕೂ ಬೈಯುತ್ತಲೇ ಬಂದೆ.

"ಕಣ್ಣು ಎಲ್ಲಿತ್ತು ನಿಂಗೆ? ಮುದುಕ ಆದ್ಮೇಲೆ ಹಿಂದೆ ನಿಲ್ಬೇಕು ಅಂತ ಗೊತ್ತಾಗಲ್ವಾ? ಸತ್ತಿದ್ರೆ?"

"ಮಾತು ಬಿಟ್ಟಿದ್ದೆ ಅಲ್ವಾ ನೀನು" ಅಂದ, ಕಿವಿಯ ಹತ್ತಿರ.

"ಬೈಗುಳ ಮಾತಲ್ಲ" ಅಂದೆ.

ಎಷ್ಟು ಹಗುರ ಇದ್ದಾನೆ. ಅಪ್ಪ ಭಾರ ಇರುತ್ತಾನೆ ಅಂದುಕೊಂಡಿದ್ದೆ.


ಅಕ್ಟೋಬರ್ 7

ಕೋಲು ಈಗ ನನ್ನ ಕೈಯಲ್ಲಿ. ತಟ್ಟಿ, ಒಂದು ಹೆಜ್ಜೆ. ತಟ್ಟಿ, ಒಂದು ಹೆಜ್ಜೆ. ಪ್ರತಿ ಹೆಜ್ಜೆಗೂ ಅಂಗಾಲು ಬೆವರುತ್ತದೆ.


ಅಕ್ಟೋಬರ್ 13

ಇವತ್ತಿನದನ್ನು ಪೂರ್ತಿ ಬರೆಯುತ್ತೇನೆ. ಬರೆಯದಿದ್ದರೆ ತಲೆಯೊಳಗೆ ಸುತ್ತುತ್ತಲೇ ಇರುತ್ತದೆ.

ಬೆಳಗ್ಗೆ ಮಗುವಿನ ತುಟಿ ನೀಲಿಯಾಗಿತ್ತು. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಫಾಹ್ರುಲ್ ನೋಡಿದವನೇ ಕನ್ನಡಕ ತೆಗೆದ.

"ನಗರದ ಆಸ್ಪತ್ರೇಲಿ ಮುಚ್ಚಿದ ಕೋಣೆ ಮಾಡಿದಾರೆ. ಆಕ್ಸಿಜನ್ ಇದೆ. ಇವತ್ತೇ ಹೋಗ್ಬೇಕು."

ರಸ್ತೆಯ ಎರಡೂ ಕಡೆ ಬೆಂಕಿ. ಉಳಿದದ್ದು ಹೊಳೆ. ಹೊಳೆಯಲ್ಲಿ ದೋಣಿಯ ಮೂತಿ ಹಿಂದೆ ಕೂತವನಿಗೆ ಕಾಣುವುದಿಲ್ಲ. ಹೋದ ವಾರ ಎರಡು ದೋಣಿ ಎದುರುಬದುರು ಡಿಕ್ಕಿ ಹೊಡೆದು ಕೆಳಗಿನ ಊರಿನವನೊಬ್ಬ ಸಿಗಲೇ ಇಲ್ಲ.

ನೊರ್ಮಿ ಈ ಸಲ ಭಾವನ ಹೆಸರೆತ್ತಲಿಲ್ಲ. ಮಗುವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ದೋಣಿಯಲ್ಲಿ ಕೂತುಬಿಟ್ಟಳು. ಮೋಟಾರಿಗೆ ಫಾಹ್ರುಲ್‌ನ ಜೊತೆಗಾರ, ಈ ಹೊಳೆಯಲ್ಲೇ ಬೆಳೆದ ಹುಡುಗ. ಮುಂದೆ ಕೂತು ದಾರಿ ಹೇಳುವವರು ಬೇಕು. ಹೊಳೆಯ ಪ್ರತಿ ತಿರುವೂ ನೀರಿನ ಸದ್ದಿನಿಂದಲೇ ಗೊತ್ತಿರುವುದು ಅಪ್ಪನೊಬ್ಬನಿಗೆ.

ಅಪ್ಪ ಕುಂಟುತ್ತಾ ದಕ್ಕೆಗೆ ಬಂದ. ಕೈಯಲ್ಲಿ ಅಡುಗೆಮನೆಯ ದೊಡ್ಡ ತಪ್ಪಲೆ, ಸೌಟು. ಎದುರಿನ ದೋಣಿಗೆ ಕೇಳಲಿ ಅಂತ ಬಡಿಯುತ್ತಾ ಹೋಗಲು.

"ನೀನೂ ಹತ್ತು" ಅಂದ ನನಗೆ.

ಜಾಗ ಇತ್ತು. ಒಬ್ಬಳಿಗೆ ಸಾಕಾಗುವಷ್ಟು ಇತ್ತು. ಒಂದು ಕಾಲನ್ನು ಒಳಗಿಟ್ಟೂ ಆಗಿತ್ತು. ದೋಣಿ ಅಲುಗಿತು. ಆಗ ಹಿಂದೆ ಪಂಪಿನ ಸದ್ದು ಕೇಳಿಸಿತು, ಫಾಹ್ರುಲ್ ಒಬ್ಬನೇ ಇದ್ದ. ಊರಿನ ಗಂಡಸರೆಲ್ಲ ರಸ್ತೆಯ ಬೆಂಕಿಗೆ ಹೋಗಿದ್ದರು. ಪಂಪಿಗೆ ಒಬ್ಬರು, ಈಟಿಗೆ ಒಬ್ಬರು ಬೇಕು. ಬೆಂಕಿ ನಮ್ಮ ಕೊಟ್ಟಿಗೆಯ ಹಿಂದೆ. ಅದರಾಚೆ ಮನೆ. ಮನೆಯಾಚೆ ಮಿನಾ ರುಂಬಿಯ ಮನೆ, ಆಮೇಲೆ ಸಾಲಾಗಿ ಎಲ್ಲ ಮನೆಗಳು, ಎಲ್ಲ ಮರದವು.

ಕಾಲು ಹೊರಗೆ ತೆಗೆದೆ.

"ಹತ್ತೇ ಲಾಮಿ" ಅಂದ ಅಪ್ಪ. "ಮನೆ ಹೋದ್ರೆ ಹೋಗ್ಲಿ."

"ನೀನು ಮಗೂನ ಮುಟ್ಸು. ಇಲ್ಲಿಂದು ನಿಂಗ್ಯಾಕೆ?"

"ನಾನು ಇಟ್ಟ ಬೆಂಕಿ ಅದು."

"ನೀನು ಇಟ್ಟಿದ್ದು ಹುಲ್ಲಿಗೆ!" ಅಂತ ಕಿರುಚಿದೆ. "ಹೋಗು, ಹೋಗು, ಮಗು ಉಸಿರಾಡ್ತಿಲ್ಲ ಅಲ್ಲಿ, ಇಲ್ಲಿ ನೀನು ಪಂಚಾಯ್ತಿ ಮಾಡ್ತೀಯಾ?"

ದೋಣಿ ಹೋಯಿತು. ನಾಲ್ಕು ಮಾರು ಹೋಗುವಷ್ಟರಲ್ಲಿ ಹೊಗೆ ನುಂಗಿಬಿಟ್ಟಿತು. ತಪ್ಪಲೆಯ ಸದ್ದು ಮಾತ್ರ ಉಳಿಯಿತು. ಟಣ್, ಟಣ್. ಕೇಳುತ್ತಾ ನಿಂತೆ. ಸದ್ದು ಇರುವ ತನಕ ದೋಣಿ ಇದೆ. ಆಮೇಲೆ ಕೇಳಿಸಲಿಲ್ಲ. ದೂರ ಹೋಗಿದ್ದಕ್ಕೋ ಏನೋ.

ದೂರ ಹೋಗಿದ್ದಕ್ಕೇ ಇರಬೇಕು.


ಅಕ್ಟೋಬರ್ 14

ಸುದ್ದಿ ಇಲ್ಲ. ಕೊಟ್ಟಿಗೆ ಹೋಯಿತು.


ಅಕ್ಟೋಬರ್ 16

ಸುದ್ದಿ ಇಲ್ಲ. ಫಾಹ್ರುಲ್‌ಗೆ ವಾಂತಿ, ಜ್ವರ. ಅಂಗಡಿಯ ಹಲಗೆಯ ಮೇಲೆ ಮಲಗಿಸಿದ್ದೇವೆ. ಪಂಪಿಗೆ ಮಿನಾ ರುಂಬಿ ಬಂದಳು. ತಲೆಗೆ ಒದ್ದೆ ಟವಲ್, ಬಾಯಿಗೆ ಎರಡು ಮಾಸ್ಕು, ಅದರೊಳಗಿಂದಲೂ ಬೈಗುಳ ನಿಲ್ಲುವುದಿಲ್ಲ.

"ಈ ಯಂತ್ರ ನನ್ನ ಗಂಡನ ತರ. ಒದ್ರೇ ಮಾತ್ರ ಶುರು ಆಗೋದು."

ಒಮ್ಮೆ ಹಿಂದೆ ತಿರುಗಿ ನೋಡಿದರೆ ಅವಳು ಪಂಪು ಹಿಡಿದುಕೊಂಡೇ ಅಳುತ್ತಿದ್ದಳು. ಕೇಳಿದ್ದಕ್ಕೆ "ಹೊಗೆ ಕಣೇ" ಅಂದಳು. ಎಲ್ಲರಿಗೂ ಹೊಗೆಯೇ.

ಬೆಳಗ್ಗೆ ದಕ್ಕೆಯಲ್ಲಿ ಕೆನ್ನೆಗೆ ನೀರು ಸವರಿ ನೋಡಿದೆ. ಇನ್ನೂ ಆಗ್ನೇಯದ್ದೇ. ಒಣ ಗಾಳಿ.


ಅಕ್ಟೋಬರ್ 19

ಫೋನು ಬಂತು. ದಕ್ಕೆಯ ಸುತ್ತಮುತ್ತ ಮಾತ್ರ ಹತ್ತುತ್ತದೆ. ನೊರ್ಮಿ. ತಲುಪಿದ್ದಾರೆ. ದೋಣಿ ಎರಡು ಸಲ ಮರಳು ದಿಬ್ಬಕ್ಕೆ ಹತ್ತಿತಂತೆ, ಅಪ್ಪ ಸುಟ್ಟ ಕಾಲಲ್ಲೇ ನೀರಿಗಿಳಿದು ತಳ್ಳಿದನಂತೆ. ಅವನ ಕಾಲು ಈಗ ಕೀವು, ಅವನನ್ನೂ ಮಲಗಿಸಿದ್ದಾರೆ.

"ಮಗು?"

"ಮೂಗಿಗೆ ನಳಿಕೆ ಹಾಕಿದಾರೆ. ಕಣ್ಣು ಬಿಡ್ತಾನೆ. ಅಳಲ್ಲ ಲಾಮಿ. ಸೂಜಿ ಚುಚ್ಚಿದ್ರೂ ಅಳಲ್ಲ. ಅತ್ರೆ ಒಳ್ಳೇದು ಅಂತಾರೆ ಡಾಕ್ಟ್ರು. ಈ ಗಾಳಿ ತಿಳಿಯಾಗೋ ತನಕ ಏನೂ ಹೇಳೋಕಾಗಲ್ಲ ಅಂ—"

ಕಟ್ಟಾಯಿತು. ಮತ್ತೆ ಹತ್ತಲಿಲ್ಲ. ಎಷ್ಟು ಸಲ ಮಾಡಿದೆನೋ.

ಗಾಳಿ ತಿಳಿಯಾಗುವುದು ಮಳೆ ಬಂದರೆ. ಮಳೆ ಬರುವುದು ಆ ಸಮುದ್ರ ಮನಸ್ಸು ಮಾಡಿದರೆ. ಅದರ ಕಾಲಿಗೆ ಬೀಳೋಣವೆಂದರೆ ಅದಕ್ಕೆ ಕಾಲಿಲ್ಲ. ನನ್ನ ತಿಂಗಾಂಗ್ ಅನ್ನುವವನೊಬ್ಬ ಇದ್ದಾನೆ ಅಂತ ಅದಕ್ಕೆ ಹೇಳುವವರು ಯಾರು?

ಇವತ್ತು ಚುಚ್ಚಿದ್ದು ಕೊಟ್ಟಿಗೆಯ ಬೂದಿಯಿಂದ ಮನೆಯ ಮೊದಲ ಕಂಬದ ತನಕ. ಕೈ ಹಾಕಿ ನೋಡಿದೆ, ಆರಿದೆ. ನಮ್ಮ ನೆಲ ಇಷ್ಟು ಮೆತ್ತಗಿರುತ್ತದೆ ಒದ್ದೆಯಾದರೆ.


ಅಕ್ಟೋಬರ್ 23

ಭಯ ಅಂದರೆ ಎದೆ ಹೊಡೆದುಕೊಳ್ಳುವುದು ಅಂದುಕೊಂಡಿದ್ದೆ. ಅಲ್ಲ. ಅನ್ನ ಬಾಯಲ್ಲಿಟ್ಟುಕೊಂಡು ಅಗಿಯುವುದನ್ನು ಮರೆಯುವುದು.

ಫಾಹ್ರುಲ್ ಎದ್ದು ಕೂತ. "ನೀನು ಬಂಜರ್ಮಾಸಿನ್‌ಗೆ ಹೋಗ್ತೀಯಂತೆ? ಅಲ್ಲಿ ನಮ್ಮಣ್ಣನ ಅಂಗಡಿ ಇದೆ, ಹೇಳ್ಲಾ?" ಅಂದ.

"ಈ ಕಾಲುವೆಗೆ ಅಡ್ಡಗಟ್ಟೆ ಹಾಕಿದ್ರೆ ನೀರು ನಿಲ್ತದಾ?" ಅಂತ ಕೇಳಿದೆ.

ಅವನು ಕನ್ನಡಕ ಒರೆಸಿಕೊಂಡು ನನ್ನನ್ನು ನೋಡಿದ. ನೋಡುವಂಥದ್ದು ಏನಿತ್ತೋ.


ಅಕ್ಟೋಬರ್ 27

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಬಂದರೆ ಬರಲಿ.

ಮಧ್ಯಾಹ್ನ ಮಿನಾ ರುಂಬಿಯ ಅಂಗಡಿಯಲ್ಲಿ ಇದ್ದೆ, ಪಂಪಿಗೆ ಎಣ್ಣೆ ತರಲು. ಗಾಳಿ ನಿಂತಿತು. ಎಲ್ಲ ನಿಂತಿತು. ಆಮೇಲೆ ಹೊಳೆಯ ಆಚೆಯಿಂದ, ಪಡುವಣದಿಂದ, ತಣ್ಣಗೆ ಒಂದು ಅಲೆ ಬಂತು. ಹೊಗೆಯ ವಾಸನೆ ಅಲ್ಲ, ನೀರಿನ ವಾಸನೆ. ಮಿನಾ ರುಂಬಿ ಬಾಣಲೆ ಕೆಳಗಿಟ್ಟಳು. ತಗಡಿನ ಮೇಲೆ ಒಂದು ಹನಿ ಬಿತ್ತು. ಯಾರೋ ಕಲ್ಲು ಎಸೆದರು ಅಂದುಕೊಂಡೆ. ಇನ್ನೊಂದು. ಆಮೇಲೆ ಒಮ್ಮೆಲೇ ಇಡೀ ಆಕಾಶ ತಗಡಿನ ಮೇಲೆ ಬಿತ್ತು.

ಜನ ಹೊರಗೆ ಓಡಿದರು. ಫಾಹ್ರುಲ್ ಕನ್ನಡಕ ಕಳಚಿ ಆಕಾಶಕ್ಕೆ ಮುಖ ಕೊಟ್ಟು ನಿಂತ. ಮಿನಾ ರುಂಬಿ ಕೆಸರಲ್ಲಿ ಕೂತುಬಿಟ್ಟಳು, ಮಳೆಗೆ ಬೈಯುತ್ತಾ, "ಈಗ ಬಂದ್ಯಾ ಹಡಬೆ, ಈಗ ಬಂದ್ಯಾ?"

ಅಷ್ಟರಲ್ಲಿ ಫೋನು ಹೊಡೆಯಿತು. ನೊರ್ಮಿಯ ನಂಬರು.

ಕಿವಿಗೆ ಒತ್ತಿಕೊಂಡೆ. ಅವಳು ಏನೋ ಹೇಳುತ್ತಿದ್ದಳು. ತಗಡಿನ ಸದ್ದಿನಲ್ಲಿ ಒಂದಕ್ಷರ ಕೇಳಿಸಲಿಲ್ಲ. ಅವಳ ದನಿ ಏರಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ. "ಮಗು" ಅನ್ನುವುದು ಕೇಳಿಸಿತು. ಮಗು ಏನು? ಮಗು ಏನು? ಹೊರಗೆ ಹೋದರೆ ಫೋನು ಒದ್ದೆ, ಒಳಗಿದ್ದರೆ ಈ ಸದ್ದು. ಎರಡು ತಿಂಗಳಿಂದ ಬಾ ಬಾ ಅಂತ ಬೇಡಿದ ಮಳೆಗೆ ತಲೆ ಎತ್ತಿ "ಬಾಯಿ ಮುಚ್ಚೋ! ಒಂದು ನಿಮಿಷ ಬಾಯಿ ಮುಚ್ಚು!" ಅಂತ ಗಂಟಲು ಹರಿಯುವ ಹಾಗೆ ಕಿರುಚಿದೆ. ಅದು ಯಾರ ಮಾತು ಕೇಳುತ್ತದೆ?

ಫೋನನ್ನು ಅಂಗಿಯೊಳಗೆ ತುರುಕಿಕೊಂಡು ಕಂಬದ ಮೇಲೆ ನಿಂತ ಅಂಗಡಿಯ ನೆಲಹಲಗೆಗಳ ಅಡಿಗೆ ನುಗ್ಗಿದೆ. ಕೆಸರಿನ ಮೇಲೆ ಹೊಟ್ಟೆ ಕೊಟ್ಟು ಮಲಗಿ, ಒಂದು ಕಿವಿಗೆ ಬೆರಳಿಟ್ಟು, ಇನ್ನೊಂದಕ್ಕೆ ಫೋನು ಒತ್ತಿದೆ.

ಅರಚಾಟ. ಗಂಟಲು ಬಿರಿಯುವಂಥದ್ದು. ಉಸಿರೆಳೆದುಕೊಂಡು, ಮತ್ತೆ ಮೊದಲಿನಿಂದ, ಇನ್ನೂ ಜೋರಾಗಿ. ನಡುವೆ ಒಂದು ಕೆಮ್ಮೂ ಇಲ್ಲ.

"ಬೆಳಗ್ಗಿಂದ ಹಿಂಗೇ ಕಣೇ" ಅಂದಳು ನೊರ್ಮಿ. "ಇಲ್ಲಿ ರಾತ್ರೀನೇ ಮಳೆ ಆಯ್ತು. ಆವಾಗ್ಲಿಂದ ನಿಲ್ಲಿಸ್ತಾನೇ ಇಲ್ಲ. ಪಕ್ಕದ ಮಂಚದೋರು ಬೈತಿದಾರೆ, ಬಾಯಿ ಮುಚ್ಸಮ್ಮ ಅಂತ. ಏನ್ಮಾಡ್ಲಿ?"

"ಬೈದೋರ ಹೆಸರು ಕೇಳಿಟ್ಕೋ" ಅಂದೆ. "ನಾನು ಬರ್ತೀನಿ."